ಅಮ್ಮನ ಏಪ್ರನ್ನಿನ ಹೂವುಗಳು: ಆರ್ಶಿಲ್ ಗಾರ್ಕಿ, ಒಂದು ಪ್ರಕರಣ ಅಧ್ಯಯನ

1912ರಲ್ಲಿ ವಾನ್ ಪಟ್ಟಣದ ಸ್ಟುಡಿಯೋದಲ್ಲಿ ತೆಗೆಸಿದ ಒಂದು ಫೋಟೋ ಇದೆ. ವಾನ್ ಆಗ ಆಟೋಮನ್ ಸಾಮ್ರಾಜ್ಯದ ಪೂರ್ವದ ತುದಿ, ಈಗ ಟರ್ಕಿ. ಫೋಟೋದಲ್ಲಿ ತಾಯಿ ಕೂತಿದ್ದಾಳೆ. ತಲೆಗೆ ಬಟ್ಟೆ, ಮೈಮೇಲೆ ಉದ್ದದ ಏಪ್ರನ್, ಏಪ್ರನ್ ತುಂಬ ಹೂವಿನ ಚಿತ್ತಾರ. ಪಕ್ಕದಲ್ಲಿ ಎಂಟು ವರ್ಷದ ಆಸುಪಾಸಿನ ಮಗ ಕೋಟು ತೊಟ್ಟು ನಿಂತಿದ್ದಾನೆ. ಕೈಯಲ್ಲಿ ಚಿಕ್ಕ ಹೂಗೊಂಚಲು. ಇಬ್ಬರ ಮುಖದಲ್ಲೂ ನಗು ಇಲ್ಲ. ಮನೆಯ ಯಜಮಾನ ಕೆಲವು ವರ್ಷದ ಹಿಂದೆ ಅಮೆರಿಕಕ್ಕೆ ಹೋಗಿದ್ದ. ಅವನಿಗೆ ಕಳಿಸಲೆಂದೇ ಈ ಫೋಟೋ ತೆಗೆಸಿದ್ದು. ನಾವು ಇನ್ನೂ ಇದ್ದೇವೆ, ಮರೆಯಬೇಡ ಅಂತ.

ಆ ಹುಡುಗ ಮುಂದೆ ನ್ಯೂಯಾರ್ಕಿನಲ್ಲಿ ಆರ್ಶಿಲ್ ಗಾರ್ಕಿ ಎಂಬ ಹೆಸರಿನ ಚಿತ್ರಕಾರನಾದ. 1926ರ ಸುಮಾರಿಗೆ ಈ ಫೋಟೋವನ್ನು ಎದುರಿಗಿಟ್ಟುಕೊಂಡು ಬರೆಯಲು ಕೂತ. ಹತ್ತು ವರ್ಷ ಕಳೆದರೂ ಚಿತ್ರ ಮುಗಿಯಲಿಲ್ಲ. ಇನ್ನೊಂದು ಕ್ಯಾನ್ವಾಸಿನಲ್ಲಿ ಅದನ್ನೇ ಬರೆದ. ಅದೂ 1940ರ ದಶಕದವರೆಗೆ ಎಳೆಯಿತು. ಎರಡರಲ್ಲೂ ಒಂದು ವಿಚಿತ್ರ ಇದೆ. ಅಮ್ಮನ ಏಪ್ರನ್ನಿನ ಹೂವುಗಳು ಇಲ್ಲ. ಅಲ್ಲಿರುವುದು ಬರೀ ಬಣ್ಣದ ಬಯಲು.

1944ರಲ್ಲಿ ಇದೇ ಗಾರ್ಕಿ ಒಂದು ಅಮೂರ್ತ ಚಿತ್ರಕ್ಕೆ ಇಟ್ಟ ಹೆಸರು ಇದು: 'ನನ್ನ ಅಮ್ಮನ ಕಸೂತಿ ಏಪ್ರನ್ ನನ್ನ ಬದುಕಿನಲ್ಲಿ ಬಿಚ್ಚಿಕೊಳ್ಳುವ ಬಗೆ'.

ಅಳಿಸಿದ ಹೂವುಗಳು ಹೆಚ್ಚುಕಡಿಮೆ ಹದಿನೆಂಟು ವರ್ಷದ ಮೇಲೆ ಹೇಗೆ ವಾಪಸ್ ಬಂದವು, ಅಷ್ಟು ಕಾಲ ಯಾಕೆ ಬೇಕಾಯಿತು ಅನ್ನುವುದೇ ಈ ಪ್ರಕರಣದ ಪ್ರಶ್ನೆ. ವಲಸೆ ಬಂದ ಕಲಾವಿದರ ಬಗ್ಗೆ ಮಾತಾಡುವಾಗ ನಾವು ಸಾಮಾನ್ಯವಾಗಿ ಚಿತ್ರದಲ್ಲಿ ಊರಿನ ಗುರುತು ಹುಡುಕುತ್ತೇವೆ. ಗಾರ್ಕಿಯ ವಿಷಯದಲ್ಲಿ ಅವನು ಏನನ್ನು ತೆಗೆದುಹಾಕಿದ ಅಂತ ನೋಡಿದರೆ ಜಾಸ್ತಿ ಸಿಗುತ್ತದೆ ಅನ್ನುವುದು ನನ್ನ ನಂಬಿಕೆ.

ಬಿಟ್ಟು ಬಂದ ಊರು

ಅವನ ಹುಟ್ಟುಹೆಸರು ವೊಸ್ತಾನಿಕ್ ಅದೊಯಾನ್. ಹುಟ್ಟಿದ್ದು ವಾನ್ ಸರೋವರದ ದಡದ ಖೊರ್ಕೊಂ ಎಂಬ ಹಳ್ಳಿಯಲ್ಲಿ, 1904ರ ಆಸುಪಾಸಿನಲ್ಲಿ. ಅವರು ಆರ್ಮೇನಿಯನ್ ಕ್ರೈಸ್ತರು. (ಚೆನ್ನೈನ ಜಾರ್ಜ್ ಟೌನಿನಲ್ಲಿ ಆರ್ಮೇನಿಯನ್ ಸ್ಟ್ರೀಟ್ ನೋಡಿದವರಿಗೆ ಈ ಜನ ಪೂರ್ತಿ ಅಪರಿಚಿತರಲ್ಲ. ಆರ್ಮೇನಿಯನ್ ಭಾಷೆಯ ಮೊದಲ ಪತ್ರಿಕೆ ಅಚ್ಚಾಗಿದ್ದು 1794ರಲ್ಲಿ, ಮದ್ರಾಸಿನಲ್ಲೇ.) ಸರೋವರದ ನಡುವೆ ಅಖ್ತಮಾರ್ ಅನ್ನುವ ದ್ವೀಪ. ಅಲ್ಲಿ ಹತ್ತನೇ ಶತಮಾನದ ಒಂದು ಚರ್ಚು. ಅದರ ಹೊರಗೋಡೆಯ ಕಲ್ಲಿನಲ್ಲಿ ಸಂತರು, ಪ್ರಾಣಿಗಳು, ದ್ರಾಕ್ಷಿಬಳ್ಳಿಗಳು ಸಾಲುಸಾಲಾಗಿ ಕೆತ್ತಿವೆ. ಆ ಮೂರ್ತಿಗಳ ಕಣ್ಣು ದೊಡ್ಡದು. ಗಾರ್ಕಿ ಬರೆದ ಮುಖಗಳಲ್ಲಿ ಅದೇ ಥರದ ಕಣ್ಣುಗಳಿವೆ ಅಂತ ವಿಮರ್ಶಕರು ಬಹಳ ಸಲ ಬರೆದಿದ್ದಾರೆ.

ಅಪ್ಪ ಸೆತ್ರಾಗ್ ಅಮೆರಿಕಕ್ಕೆ ಹೋದದ್ದು 1908ರ ಸುಮಾರಿಗೆ. ಆಟೋಮನ್ ಸೈನ್ಯದ ಕಡ್ಡಾಯ ಸೇವೆ ತಪ್ಪಿಸಿಕೊಳ್ಳುವುದು ಒಂದು ಕಾರಣ. ರೋಡ್ ಐಲೆಂಡಿನ ಪ್ರಾವಿಡೆನ್ಸ್‌ನಲ್ಲಿ ನೆಲೆ ನಿಂತ. ಇತ್ತ ತಾಯಿ ಶುಶಾನ್ ಮಕ್ಕಳನ್ನು ಕರೆದುಕೊಂಡು ವಾನ್ ಪಟ್ಟಣಕ್ಕೆ ಬಂದಳು. ಅವಳದು ಪಾದ್ರಿಗಳ ಮನೆತನ.

1915ರಲ್ಲಿ ಆರ್ಮೇನಿಯನ್ನರ ನರಮೇಧ ಶುರುವಾಯಿತು. ಏಪ್ರಿಲ್‌ನಲ್ಲಿ ವಾನ್ ಪಟ್ಟಣಕ್ಕೆ ಮುತ್ತಿಗೆ ಬಿತ್ತು. ಆಮೇಲೆ ರಷ್ಯನ್ ಸೇನೆ ಬಂತು. ಅದು ಹಿಂದೆ ಸರಿದಾಗ ಅಲ್ಲಿನ ಆರ್ಮೇನಿಯನ್ನರೂ ಕೈಗೆ ಸಿಕ್ಕಿದ್ದನ್ನು ಕಟ್ಟಿಕೊಂಡು ಹಿಂದೆಯೇ ಹೊರಟರು. ಶುಶಾನ್ ಮತ್ತು ಮಕ್ಕಳು ಕಾಲ್ನಡಿಗೆಯಲ್ಲಿ ಗಡಿ ದಾಟಿ ಯೆರೆವಾನ್ ಸೇರಿದರು. ಅದು ನಿರಾಶ್ರಿತರಿಂದ ತುಂಬಿ ತುಳುಕುತ್ತಿದ್ದ ಊರು. ಊಟಕ್ಕೆ ಗತಿ ಇಲ್ಲ, ರೋಗಗಳು ಬೇರೆ. ದೊಡ್ಡ ಅಕ್ಕಂದಿರು 1916ರಲ್ಲೇ ಅಮೆರಿಕಕ್ಕೆ ಹೊರಟುಹೋದರು. 1919ರ ಮಾರ್ಚ್‌ನಲ್ಲಿ ಶುಶಾನ್ ಹಸಿವಿನಿಂದ ಸತ್ತಳು. ಆಗ ಅವಳ ಜೊತೆ ಇದ್ದದ್ದು ಈ ಹುಡುಗ ಮತ್ತು ಅವನ ತಂಗಿ ವಾರ್ತುಶ್ ಮಾತ್ರ.

ಒಂದು ವರ್ಷದ ಒಳಗೆ, 1920ರ ಫೆಬ್ರುವರಿಯಲ್ಲಿ, ಇಬ್ಬರೂ ನ್ಯೂಯಾರ್ಕಿನ ವಲಸೆ ಠಾಣೆ ಎಲಿಸ್ ಐಲೆಂಡಿನಲ್ಲಿ ಇಳಿದರು.

ಹೊಸ ಹೆಸರು

ಮೊದಲು ಇದ್ದದ್ದು ಬೋಸ್ಟನ್ ಹತ್ತಿರದ ವಾಟರ್‌ಟೌನ್‌ನಲ್ಲಿ, ಅಕ್ಕನ ಮನೆಯಲ್ಲಿ. ಅಲ್ಲಿ ಆರ್ಮೇನಿಯನ್ನರು ಬಹಳ ಜನ ಇದ್ದರು. ರಬ್ಬರ್ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತು, ಜಾಸ್ತಿ ದಿನ ನಿಲ್ಲಲಿಲ್ಲ. ಬೋಸ್ಟನ್‌ನಲ್ಲಿ ಚಿತ್ರಕಲೆ ಕಲಿತು 1920ರ ದಶಕದ ಮಧ್ಯದಲ್ಲಿ ನ್ಯೂಯಾರ್ಕಿಗೆ ಬಂದ. ಬರುವಷ್ಟರಲ್ಲಿ ಹೆಸರು ಬದಲಾಗಿತ್ತು. ನಾನು ರಷ್ಯನ್, ಲೇಖಕ ಮ್ಯಾಕ್ಸಿಂ ಗಾರ್ಕಿ ನಮ್ಮ ಸಂಬಂಧಿ, ರಷ್ಯನ್ ಚಿತ್ರಕಾರ ಕ್ಯಾಂಡಿನ್‌ಸ್ಕಿ ಹತ್ತಿರ ಕಲಿತಿದ್ದೇನೆ ಅಂತ ಹೇಳಿಕೊಂಡು ತಿರುಗಿದ. ಒಂದೂ ನಿಜವಲ್ಲ. ಮ್ಯಾಕ್ಸಿಂ ಗಾರ್ಕಿ ಅನ್ನುವುದೇ ಇಟ್ಟುಕೊಂಡ ಹೆಸರು, ಆ ಲೇಖಕನ ಮನೆತನ ಪೆಷ್ಕೋವ್.

ಇದನ್ನು ಬರೀ ಸುಳ್ಳುಬುರುಕತನ ಅಂತ ತಳ್ಳಿಹಾಕುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಆ ಕಾಲದ ಅಮೆರಿಕದಲ್ಲಿ 'ಹಸಿದ ಆರ್ಮೇನಿಯನ್ನರು' ಅನ್ನುವುದು ಮನೆಮಾತು. ನಿರಾಶ್ರಿತರಿಗೆ ದುಡ್ಡು ಕೂಡಿಸುವ ಪೋಸ್ಟರ್‌ಗಳು ಎಲ್ಲೆಲ್ಲೂ ಇದ್ದವು. ಮಕ್ಕಳು ತಟ್ಟೆಯಲ್ಲಿ ಅನ್ನ ಬಿಟ್ಟರೆ, ಪಾಪ ಆ ಹಸಿದ ಆರ್ಮೇನಿಯನ್ನರನ್ನು ನೆನೆಸಿಕೋ ಅಂತ ತಾಯಂದಿರು ಗದರುತ್ತಿದ್ದರು. ಸಹಾಯ ಮಾಡಿದವರ ಮನಸ್ಸು ಒಳ್ಳೆಯದೇ. ಆದರೆ ಹಸಿವಿನಿಂದ ತಾಯಿ ಸತ್ತದ್ದನ್ನು ಕಣ್ಣಾರೆ ನೋಡಿದ ಹುಡುಗ ಆ ಮಾತನ್ನು ಹೇಗೆ ಕೇಳಿಸಿಕೊಂಡಿರಬೇಕು? ಆರ್ಮೇನಿಯನ್ ಅಂದ ಕೂಡಲೇ ಎದುರಿಗಿದ್ದವರ ಕಣ್ಣಲ್ಲಿ ಕನಿಕರ ಬರುತ್ತದೆ. ರಷ್ಯನ್ ಕಲಾವಿದ ಅಂದರೆ ಗೌರವ ಬರುತ್ತದೆ. 1924ರಲ್ಲಂತೂ ಪೂರ್ವ ಮತ್ತು ದಕ್ಷಿಣ ಯುರೋಪಿನಿಂದ ಬರುವವರ ಸಂಖ್ಯೆಯನ್ನು ಭಾರಿ ಇಳಿಸುವ, ಏಷ್ಯಾದವರಿಗೆ ಹೆಚ್ಚುಕಡಿಮೆ ಬಾಗಿಲು ಮುಚ್ಚುವ ವಲಸೆ ಕಾನೂನು ಬಂತು. ಗಾರ್ಕಿ ತನ್ನ ಗುರುತನ್ನು ಮುಚ್ಚಿಟ್ಟದ್ದು ಇಂಥ ಗಾಳಿಯಲ್ಲಿ. ಅವನಿಗೆ ಪೌರತ್ವ ಸಿಕ್ಕಿದ್ದು 1939ರಲ್ಲಿ.

ಮುಚ್ಚಿಟ್ಟ ಆ ಮನುಷ್ಯನೇ ಸ್ಟುಡಿಯೋದಲ್ಲಿ ಒಬ್ಬನೇ ಇದ್ದಾಗ ಅಮ್ಮನ ಚಿತ್ರ ಬರೆಯುತ್ತಿದ್ದ ಅನ್ನುವುದನ್ನು ಮರೆಯಬಾರದು.

ಬೇರೆಯವರ ಕೈಯಲ್ಲಿ ಬರೆಯುವುದು

ಸುಮಾರು ಹದಿನೈದು ವರ್ಷ ಗಾರ್ಕಿ ಬೇರೆಯವರಂತೆ ಬರೆದ. ಮೊದಲು ಫ್ರಾನ್ಸಿನ ಚಿತ್ರಕಾರ ಸೆಝಾನ್. ಸೇಬು, ಬಟ್ಟೆ, ಬೆಟ್ಟ, ಎಲ್ಲವೂ ಸೆಝಾನ್‌ನ ಕುಂಚದ ಹೊಡೆತದಲ್ಲಿ. ಆಮೇಲೆ ಸ್ಪೇನಿನ ಪಿಕಾಸೊ, ಆಮೇಲೆ ಅದೇ ದೇಶದ ಮಿರೊ. ಬಹಳ ಕಾಲ ಸೆಝಾನ್ ಜೊತೆಗಿದ್ದೆ, ಈಗ ಪಿಕಾಸೊ ಜೊತೆಗಿದ್ದೇನೆ ಅಂತ ಅವನೇ ಗ್ಯಾಲರಿ ಮಾಲೀಕ ಜೂಲಿಯನ್ ಲೆವಿಗೆ ಹೇಳಿದ್ದ. ನಕಲು ಮಾಡುತ್ತಾನೆ ಅಂತ ಜನ ಆಡಿಕೊಂಡರು. ಅವನು ನಾಚಿಕೊಳ್ಳಲಿಲ್ಲ.

ಇದರ ಹಿಂದೆ ಒಂದು ಸರಳ ವಿಷಯ ಇದೆ. ಅವನು ಹೆಚ್ಚಾಗಿ ಸ್ವಂತವಾಗಿಯೇ ಕಲಿತವನು. ಮ್ಯೂಸಿಯಮ್ಮು, ಪುಸ್ತಕ, ಪತ್ರಿಕೆಯಲ್ಲಿ ಬಂದ ಕಪ್ಪುಬಿಳುಪು ಚಿತ್ರಗಳೇ ಅವನ ಶಾಲೆ. ಹಾಗಿದ್ದೂ ಗ್ರ್ಯಾಂಡ್ ಸೆಂಟ್ರಲ್ ಸ್ಕೂಲ್ ಆಫ್ ಆರ್ಟ್‌ನಲ್ಲಿ ಮೇಷ್ಟ್ರಾಗಿ ಪಾಠ ಹೇಳುತ್ತಿದ್ದ. ಇನ್ನೊಂದು ಶಾಲೆಯಲ್ಲಿ ಅವನ ತರಗತಿಯಲ್ಲಿ ಕೂತವರಲ್ಲಿ ಮುಂದೆ ಹೆಸರಾದ ಚಿತ್ರಕಾರ ಮಾರ್ಕ್ ರಾಥ್ಕೋ ಒಬ್ಬ. ಅವನೂ ಚಿಕ್ಕ ವಯಸ್ಸಿನಲ್ಲಿ ರಷ್ಯನ್ ಸಾಮ್ರಾಜ್ಯದ ದ್ವಿನ್‌ಸ್ಕ್‌ನಿಂದ ವಲಸೆ ಬಂದ ಯಹೂದಿ ಹುಡುಗ. 1926ರಲ್ಲಿ ರಾಟರ್‌ಡ್ಯಾಮ್‌ನಿಂದ ಹಡಗಿನಲ್ಲಿ ಕದ್ದು ಕೂತು ಬಂದಿದ್ದ ಚಿತ್ರಕಾರ ವಿಲಂ ಡಿ ಕೂನಿಂಗ್ ಗಾರ್ಕಿಯ ಆಪ್ತ ಗೆಳೆಯನಾದ. ಅಮೆರಿಕದ ಹೊಸ ಕಲೆ ಅಂತ ಮುಂದೆ ಜಗತ್ತು ಕೊಂಡಾಡಿದ್ದರಲ್ಲಿ ಹೀಗೆ ಹೊರಗಿನಿಂದ ಬಂದವರ ಪಾಲು ದೊಡ್ಡದು.

ಕ್ಷೌರದ ಬ್ಲೇಡು

ಈಗ ಅಮ್ಮ-ಮಗನ ಚಿತ್ರಕ್ಕೆ ಬರೋಣ. 'ಕಲಾವಿದ ಮತ್ತು ಅವನ ತಾಯಿ' ಅಂತ ಅದರ ಹೆಸರು. ಒಂದು ನ್ಯೂಯಾರ್ಕಿನ ವಿಟ್ನಿ ಮ್ಯೂಸಿಯಂನಲ್ಲಿದೆ, ಇನ್ನೊಂದು ವಾಷಿಂಗ್ಟನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿ. ಎರಡೂ ಸುಮಾರು ಐದು ಅಡಿ ಎತ್ತರ. ಫೋಟೋದ ಆಕಾರವನ್ನು ದೊಡ್ಡದು ಮಾಡಲು ಚೌಕದ ಗೆರೆ ಎಳೆದ ಪೆನ್ಸಿಲ್ ಡ್ರಾಯಿಂಗ್ ಕೂಡ ಉಳಿದಿದೆ. ಸುಮ್ನೆ ನೆನಪಿನಿಂದ ಬರೆದದ್ದಲ್ಲ, ಅಳತೆ ಹಿಡಿದು ಬರೆದದ್ದು.

ಬರೆದ ರೀತಿ ಕೇಳಿ. ಬಣ್ಣ ಹಚ್ಚುತ್ತಿದ್ದ. ಅದು ಗಟ್ಟಿಯಾಗಿ ಒಣಗುವವರೆಗೆ ಕಾಯುತ್ತಿದ್ದ. ಆಮೇಲೆ ಕ್ಯಾನ್ವಾಸನ್ನು ಬಚ್ಚಲಿಗೆ ಒಯ್ದು ಕ್ಷೌರದ ಬ್ಲೇಡಿನಿಂದ ಮೇಲ್ಮೈಯನ್ನು ಮೆಲ್ಲಗೆ ಹೆರೆಯುತ್ತಿದ್ದ. ಪುಡಿಯನ್ನು ತೊಳೆದು ಮತ್ತೆ ಬಣ್ಣ, ಮತ್ತೆ ಒಣಗಿಸುವುದು, ಮತ್ತೆ ಹೆರೆಯುವುದು. ದಂತದ ಮೇಲೆ ಬರೆದಷ್ಟು ನುಣುಪಾಗುವ ತನಕ ಬಿಡುತ್ತಿರಲಿಲ್ಲ ಅಂತ ಇದನ್ನು ನೋಡಿದ್ದ ಗೆಳೆಯ ಚಿತ್ರಕಾರ ಸಾಲ್ ಶಾರಿ ಹೇಳಿದ್ದಾನೆ. ಫ್ರಾನ್ಸಿನ ಹಳೆಯ ಕಾಲದ ಚಿತ್ರಕಾರ ಆಂಗ್ರ್ ಗಾರ್ಕಿಗೆ ಆರಾಧ್ಯ, ಕುಂಚದ ಗುರುತೇ ಕಾಣದ ಆ ನುಣುಪು ಅವನಿಂದ ಬಂದದ್ದು. ಆದರೂ ಈ ಚಿತ್ರದಲ್ಲಿ ಹೆರೆಯುವ ಕೆಲಸ ಬರೀ ತಂತ್ರವಾಗಿ ನನಗೆ ಕಾಣುವುದಿಲ್ಲ. ತಾಯಿಯ ಮುಖವನ್ನು ಬರೆದು, ಅಳಿಸಿ, ಮತ್ತೆ ಬರೆಯುವುದನ್ನು ಹತ್ತು ವರ್ಷ ಮಾಡುವವನು ಚಿತ್ರ ಮುಗಿಸುವ ಆತುರದಲ್ಲಿ ಇಲ್ಲ. ಚಿತ್ರ ಮುಗಿದರೆ ಅವಳ ಎದುರು ನಿಲ್ಲುವುದೂ ಮುಗಿಯುತ್ತದೆ.

ಫೋಟೋ ಮತ್ತು ಚಿತ್ರವನ್ನು ಅಕ್ಕಪಕ್ಕ ಇಟ್ಟು ನೋಡಬೇಕು. ಮುಖ, ಅದರಲ್ಲೂ ಕಣ್ಣು, ಪೂರ್ತಿ ಆಗಿವೆ. ವಿಟ್ನಿಯ ಚಿತ್ರದಲ್ಲಿ ತಾಯಿಯ ಮುಖ ಮುಖವಾಡದಂತೆ ಬೆಳ್ಳಗೆ, ಅಲ್ಲಾಡದೆ ಇದೆ. ಕೆಳಗೆ ಬಂದ ಹಾಗೆ ಎಲ್ಲ ಮಸುಕು. ಅವಳ ಕೈಗಳಿಗೆ ಬೆರಳೇ ಇಲ್ಲ. ಒರೆಸಿ ಬಿಟ್ಟ ಎರಡು ಬಿಳಿ ಗುಪ್ಪೆಗಳು, ಅಷ್ಟೇ. ಕೈ ಬರೆಯಲು ಬರದವನೇನಲ್ಲ ಗಾರ್ಕಿ. ಬೇರೆ ಡ್ರಾಯಿಂಗ್‌ಗಳಲ್ಲಿ ಅವನ ಗೆರೆ ಎಷ್ಟು ಹರಿತ ಅಂತ ಗೊತ್ತಾಗುತ್ತದೆ. ಇಲ್ಲಿ ಬೇಕೆಂದೇ ಬಿಟ್ಟಿದ್ದಾನೆ. ಮುಟ್ಟುವ, ಉಣಿಸುವ, ಕಸೂತಿ ಹಾಕುವ ಕೈಗಳೇ ಇಲ್ಲ. ಅದರ ಕೆಳಗೆ ಏಪ್ರನ್ನು, ಒಂದು ಹೂವೂ ಇಲ್ಲದೆ.

ಲೆವಿ ಮುಂದೆ ಬರೆದ ಒಂದು ನೆನಪು ಇಲ್ಲಿ ಮುಖ್ಯ. ಅಮ್ಮ ಕಥೆ ಹೇಳುವಾಗ ನಾನು ಕಣ್ಣುಮುಚ್ಚಿ ಅವಳ ಏಪ್ರನ್ನಿನಲ್ಲಿ ಮುಖ ಹುದುಗಿಸುತ್ತಿದ್ದೆ, ಅವಳಿಗೆ ಎರಡು ಏಪ್ರನ್ ಇದ್ದವು, ಚಿತ್ರದಲ್ಲಿರುವಂಥ ಒಂದು ಬಿಳಿಯದು, ಇನ್ನೊಂದು ಕಸೂತಿಯದು ಅಂತ ಗಾರ್ಕಿ ಅವನಿಗೆ ಹೇಳಿದ್ದನಂತೆ. ಕಥೆಯೂ ಕಸೂತಿಯೂ ನೆನಪಿನಲ್ಲಿ ಒಂದಕ್ಕೊಂದು ಬೆರೆತುಹೋಗಿ ಬದುಕಿಡೀ ಚಿತ್ರಗಳಾಗಿ ಬಿಚ್ಚಿಕೊಳ್ಳುತ್ತಿದ್ದವು ಅಂತಲೂ ಹೇಳಿದ್ದ. ಆದರೆ ಫೋಟೋದಲ್ಲಿ ಅವಳು ಹಾಕಿಕೊಂಡಿರುವುದು ಹೂವಿನದ್ದೇ. ಬೋಳು ಏಪ್ರನ್ ಇರುವುದು ಅವನು ಬರೆದ ಚಿತ್ರದಲ್ಲಿ. ಅಂದರೆ ಅವಳ ನೆನಪು ಅವನಲ್ಲಿ ಎರಡು ಪಾಲಾಗಿತ್ತು. ಒಂದು, ಕದಲದೆ ಕೂತ ಬಿಳಿ ತಾಯಿ. ಇನ್ನೊಂದು, ಕಣ್ಣು ಮುಚ್ಚಿದಾಗ ಮೂಗಿಗೆ, ಕೆನ್ನೆಗೆ ತಾಗುವ ಹೂವಿನ ತಾಯಿ. ಈ ಕ್ಯಾನ್ವಾಸುಗಳಲ್ಲಿ ಮೊದಲನೆಯವಳಿಗೆ ಮಾತ್ರ ಜಾಗ ಸಿಕ್ಕಿತು.

ಬಡತನದ ವರ್ಷಗಳು

1930ರ ದಶಕದ ಆರ್ಥಿಕ ಕುಸಿತದಲ್ಲಿ ಎಣ್ಣೆಬಣ್ಣ ಕೊಳ್ಳಲು ದುಡ್ಡಿರಲಿಲ್ಲ. ಪೆನ್ನು, ಮಸಿ ಹಿಡಿದು ಒಂದೇ ಬಗೆಯ ಆಕಾರಗಳನ್ನು ಮತ್ತೆ ಮತ್ತೆ ಬರೆದ. ಆಮೇಲೆ ಕಲಾವಿದರಿಗೆ ಸಂಬಳ ಕೊಡುವ ಸರ್ಕಾರಿ ಯೋಜನೆ ಸೇರಿ ನ್ಯೂಅರ್ಕ್ ವಿಮಾನ ನಿಲ್ದಾಣಕ್ಕೆ ವಿಮಾನದ ವಿಷಯದ ಮೇಲೆ ಹತ್ತು ದೊಡ್ಡ ಫಲಕ ಬರೆದ. ಯುದ್ಧದ ಕಾಲದಲ್ಲಿ ಅವುಗಳ ಮೇಲೆ ಗೋಡೆಬಣ್ಣ ಬಳಿದರು. 1970ರ ದಶಕದಲ್ಲಿ ಆ ಬಣ್ಣದ ಪದರಗಳ ಅಡಿಯಿಂದ ಎರಡು ಫಲಕಗಳನ್ನು ಮಾತ್ರ ಹೊರತೆಗೆಯಲು ಆಯಿತು. 1937ರಲ್ಲಿ ವಿಟ್ನಿ ಅವನ ಒಂದು ಚಿತ್ರ ಕೊಂಡಿತು. ಮ್ಯೂಸಿಯಂ ಒಂದು ಅವನಿಂದ ಕೊಂಡದ್ದು ಅದೇ ಮೊದಲು.

ತೋಟ

1940ರ ನಂತರ ಎಲ್ಲ ಬದಲಾಗುತ್ತದೆ. 'ಸೋಚಿಯ ತೋಟ' ಅನ್ನುವ ಹೆಸರಿನಲ್ಲಿ ಒಂದು ಸರಣಿ ಶುರು ಮಾಡಿದ. ಅದರಲ್ಲೊಂದನ್ನು ನ್ಯೂಯಾರ್ಕಿನ ಮಾಡರ್ನ್ ಆರ್ಟ್ ಮ್ಯೂಸಿಯಂ ತೆಗೆದುಕೊಂಡಿತು. ಅವರ ಕೋರಿಕೆ ಮೇರೆಗೆ 1942ರಲ್ಲಿ ಒಂದು ಟಿಪ್ಪಣಿ ಬರೆದುಕೊಟ್ಟ. ಅವನ ಮಾತುಗಳಲ್ಲಿ ನನಗೆ ಅತಿ ಮುಖ್ಯವಾಗಿ ಕಾಣುವುದು ಇದೇ. ಅಪ್ಪನ ತೋಟವೊಂದಿತ್ತು, ಮನೆಯಿಂದ ನೀರಿನ ಚಿಲುಮೆಗೆ ಹೋಗುವ ದಾರಿಯಲ್ಲಿ. ಬಯಕೆ ಈಡೇರಿಸುವ ತೋಟ ಅಂತ ಜನ ಕರೆಯುತ್ತಿದ್ದರು. ಅಲ್ಲೊಂದು ಬಂಡೆ. ಅಮ್ಮನೂ ಊರಿನ ಹೆಂಗಸರೂ ರವಿಕೆ ಸರಿಸಿ ತಮ್ಮ ಮೊಲೆಗಳನ್ನು ಆ ಬಂಡೆಗೆ ಉಜ್ಜುತ್ತಿದ್ದರು. ಎಲೆ ಇಲ್ಲದ ಒಂದು ಒಣಮರ. ಹೋಗಿ ಬರುವವರು ತೊಟ್ಟ ಬಟ್ಟೆಯಿಂದಲೇ ಒಂದು ಚೂರು ಹರಿದು ಅದಕ್ಕೆ ಕಟ್ಟುತ್ತಿದ್ದರು. ಗಾಳಿಗೆ ಆ ಚೂರುಗಳು ಪಟಪಟ ಹಾರುತ್ತಿದ್ದವು. ನಮ್ಮಲ್ಲಿ ದರ್ಗಾದ ಮರಕ್ಕೋ ಅಮ್ಮನ ಗುಡಿಯ ಮರಕ್ಕೋ ಹರಕೆಗೆ ಬಟ್ಟೆ ಕಟ್ಟುವುದನ್ನು ನೋಡಿದವರಿಗೆ ಇದು ತಟ್ಟನೆ ಅರ್ಥವಾಗುತ್ತದೆ.

ಸೋಚಿ ಇರುವುದು ರಷ್ಯಾದಲ್ಲಿ, ಕಪ್ಪು ಸಮುದ್ರದ ದಡದಲ್ಲಿ. ತೋಟ ಇದ್ದದ್ದು ಖೊರ್ಕೊಂನಲ್ಲಿ. ಬಂಡೆ, ಮರ, ಅಮ್ಮ, ಎಲ್ಲವನ್ನೂ ಹೇಳಿಬಿಟ್ಟ, ಊರಿನ ಹೆಸರನ್ನು ಮಾತ್ರ ಬಿಟ್ಟುಕೊಡಲಿಲ್ಲ. ಹೊಸ ಹೆಸರಿನ ಸುಳ್ಳು ಇನ್ನೂ ಕಾವಲಿಗೆ ನಿಂತಿತ್ತು. ಆದರೆ ಚಿತ್ರದ ಒಳಗೆ ಊರು ಆಗಲೇ ಬಂದಾಗಿತ್ತು.

1941ರಲ್ಲಿ ಆಗ್ನೆಸ್ ಮಗ್ರೂಡರ್‌ಳನ್ನು ಮದುವೆಯಾದ. ಇಬ್ಬರು ಹೆಣ್ಣುಮಕ್ಕಳಾದರು, ಮಾರೊ ಮತ್ತು ನತಾಶಾ. 1943ರ ಬೇಸಿಗೆಯಲ್ಲಿ ವರ್ಜೀನಿಯಾದಲ್ಲಿ ಹೆಂಡತಿಯ ತವರಿನವರ ತೋಟದ ಮನೆಗೆ ಹೋದ. ಇಪ್ಪತ್ತಕ್ಕೂ ಹೆಚ್ಚು ವರ್ಷ ನಗರದಲ್ಲಿ ಕಳೆದವನು ಹುಲ್ಲಿನಲ್ಲಿ ಕೂತು, ಮಲಗಿ, ಹುಲ್ಲಿನ ಒಳಗೇ ನೋಡುತ್ತಾ ದಿನವಿಡೀ ಬರೆದ. ಕಾಂಡ, ಹೂವು, ಹುಳ, ಬೀಜ, ಯಾವುದು ಯಾವುದೆಂದು ಬೇರೆ ಮಾಡಲಾಗದ ಆಕಾರಗಳು ಬಂದವು. ಅಪ್ಪನ ಹೊಲ, ಅಮ್ಮನ ಕಥೆ, ಎದುರಿನ ಅಮೆರಿಕದ ಹುಲ್ಲು ಒಂದೇ ಗೆರೆಯಲ್ಲಿ ಕೂಡಿಕೊಂಡವು. 'ನೇಗಿಲು ಮತ್ತು ಹಾಡು' ಅನ್ನುವ ಸರಣಿಯೂ ಈ ಕಾಲದ್ದೇ.

ಕೈಚಳಕದ ಒಂದು ಬದಲಾವಣೆಯನ್ನೂ ಗಮನಿಸಬೇಕು. ಹಿಂದೆ ಅವನ ಕ್ಯಾನ್ವಾಸುಗಳ ಮೇಲೆ ಬಣ್ಣ ಪದರದ ಮೇಲೆ ಪದರವಾಗಿ ದಪ್ಪಗೆ ಕೂರುತ್ತಿತ್ತು. ಚಿಲಿಯಿಂದ ಬಂದಿದ್ದ ಗೆಳೆಯ ಮಟ್ಟಾ ಬಣ್ಣಕ್ಕೆ ಟರ್ಪೆಂಟೈನ್ ಜಾಸ್ತಿ ಬೆರೆಸಿ ತೆಳ್ಳಗೆ ಹರಿಯಬಿಡು ಅಂದ. ಗಾರ್ಕಿ ಹಾಗೇ ಮಾಡಿದ. ಬಣ್ಣ ನೀರಿನ ಹಾಗೆ ಇಳಿಯತೊಡಗಿತು. ಅದರ ಮೇಲೆ ಸಣ್ಣ ಕುಂಚದ ಕಪ್ಪು ಗೆರೆ, ಒಂದೇ ಉಸಿರಿನಲ್ಲಿ ಎಳೆದಂತೆ. ಹೆರೆದರೆ ಈ ಬಣ್ಣದಲ್ಲಿ ಏನೂ ಉಳಿಯುವುದಿಲ್ಲ. ಬ್ಲೇಡಿಗೆ ಕೆಲಸವೇ ಇಲ್ಲ.

1944ರ ಏಪ್ರನ್ ಚಿತ್ರ ಹುಟ್ಟಿದ್ದು ಇಲ್ಲಿ. ಈಗ ಸಿಯಾಟಲ್ ಆರ್ಟ್ ಮ್ಯೂಸಿಯಂನಲ್ಲಿದೆ. ಅದರಲ್ಲಿ ಏಪ್ರನ್ ಹುಡುಕಿದರೆ ಸಿಗುವುದಿಲ್ಲ. ಸೋರಿ ಇಳಿದ ತೆಳು ಬಣ್ಣಗಳು, ಅಲ್ಲಲ್ಲಿ ಗಾಢ ಕಲೆಗಳು, ಹೂವೋ ಹಕ್ಕಿಯೋ ಅನ್ನಿಸುವ ಆಕಾರಗಳು, ಅವುಗಳ ನಡುವೆ ಅಲೆಯುವ ಗೆರೆ. ಕಣ್ಣನ್ನು ಬಟ್ಟೆಗೆ ಒತ್ತಿ ಹಿಡಿದಾಗ ರೆಪ್ಪೆಯ ಒಳಗೆ ಕಾಣುವ ಬಣ್ಣಗಳಿವು ಅಂತ ನನಗನ್ನಿಸುತ್ತದೆ. ಹಿಂದಿನ ಚಿತ್ರದಲ್ಲಿ ಅವನು ತಾಯಿಯ ಪಕ್ಕ ನಿಂತಿದ್ದ, ನಾವು ಇಬ್ಬರನ್ನೂ ಎದುರಿನಿಂದ ನೋಡುತ್ತಿದ್ದೆವು. ಇಲ್ಲಿ ಮುಖ ಏಪ್ರನ್ನಿನ ಒಳಗೇ ಇದೆ. ಅಷ್ಟು ಹತ್ತಿರದಿಂದ ತಾಯಿಯ ಮುಖ ಕಾಣುವುದಿಲ್ಲ, ಕಸೂತಿ ಮಾತ್ರ ಕಾಣುತ್ತದೆ. ಕೈಗಳು ಅಲ್ಲಿ ಯಾಕೆ ಅಳಿಸಿಹೋದವು, ಹೂವುಗಳು ಇಲ್ಲಿ ಯಾಕೆ ಬಂದವು ಅನ್ನುವುದಕ್ಕೆ ನನಗೆ ಸಿಗುವ ಉತ್ತರ ಇದು. ಫೋಟೋದ ದೂರದಿಂದ ಅವಳು ಸತ್ತ ತಾಯಿ. ಆ ದೂರ ಬಿಟ್ಟ ಮೇಲೆಯೇ ಗಾರ್ಕಿಗೆ ಅವಳ ಬಟ್ಟೆಯ ಹೂವನ್ನು ಬರೆಯಲು ಆಯಿತು. ಅದಕ್ಕೆ ಅಮೂರ್ತ ಕಲೆ ಬೇಕಾಯಿತು. ಸೆಝಾನ್, ಪಿಕಾಸೊ, ಮಿರೊ ಅಂತ ಹದಿನೈದು ವರ್ಷ ಸವೆಸಿದ್ದೂ ಬೇಕಾಯಿತು.

ಕೊನೆಯ ವರ್ಷಗಳು

1945ರಲ್ಲಿ ಲೆವಿಯ ಗ್ಯಾಲರಿಯಲ್ಲಿ ಪ್ರದರ್ಶನ ಆಯಿತು, ಅದಕ್ಕೆ ಸರ್ರಿಯಲಿಸ್ಟ್ ಚಳವಳಿಯ ಮುಂದಾಳು, ಫ್ರೆಂಚ್ ಕವಿ ಆಂದ್ರೆ ಬ್ರೆತೊನ್ ಮೆಚ್ಚಿ ಬರೆದ. ಆಮೇಲೆ ಒಂದರ ಮೇಲೊಂದು ಏಟು. 1946ರ ಜನವರಿಯಲ್ಲಿ ಕನೆಕ್ಟಿಕಟ್‌ನ ಸ್ಟುಡಿಯೋಕ್ಕೆ ಬೆಂಕಿ ಬಿದ್ದು ಬಹಳಷ್ಟು ಕೆಲಸ ಸುಟ್ಟುಹೋಯಿತು. ಅದೇ ವರ್ಷ ಕರುಳಿನ ಕ್ಯಾನ್ಸರಿಗೆ ದೊಡ್ಡ ಆಪರೇಷನ್. 1948ರ ಜೂನ್‌ನಲ್ಲಿ ಕಾರು ಅಪಘಾತವಾಗಿ ಕತ್ತಿನ ಮೂಳೆ ಮುರಿಯಿತು, ಚಿತ್ರ ಬರೆಯುವ ಕೈ ಸ್ವಾಧೀನ ತಪ್ಪಿತು. ಸಂಸಾರವೂ ಒಡೆಯಿತು. 1948ರ ಜುಲೈ 21ರಂದು ಗಾರ್ಕಿ ಆತ್ಮಹತ್ಯೆ ಮಾಡಿಕೊಂಡ. ಈ ಸಾವಿನಿಂದಲೇ ಅವನ ಇಡೀ ಬದುಕನ್ನು ಓದುವ ರೂಢಿ ಇದೆ. ಅದು ನನಗೆ ಒಪ್ಪಿಗೆಯಾಗುವುದಿಲ್ಲ. 1943 ಮತ್ತು 1944ರ ಚಿತ್ರಗಳಲ್ಲಿರುವ ಸಂತೋಷ ಅಷ್ಟೇ ನಿಜ. 1950ರಲ್ಲಿ ಲೆವಿ ಅಮ್ಮ-ಮಗನ ಚಿತ್ರವನ್ನು ಗಾರ್ಕಿಯ ಇಬ್ಬರು ಹೆಣ್ಣುಮಕ್ಕಳ ಪರವಾಗಿ, ಅವರ ತಂದೆಯ ನೆನಪಿಗೆ, ವಿಟ್ನಿಗೆ ಕೊಟ್ಟ.

ಯಾವ ಮಾತನ್ನು ನಂಬುವುದು

ಈ ಪ್ರಕರಣ ಓದುವವರಿಗೆ ಒಂದು ಎಚ್ಚರಿಕೆ ಬೇಕು. ಗಾರ್ಕಿಯ ಆರ್ಮೇನಿಯನ್ ಮೂಲ ಬೆಳಕಿಗೆ ಬಂದ ಮೇಲೆ ಗಾಳಿ ಇನ್ನೊಂದು ಕಡೆಗೆ ಬೀಸಿತು. 1970ರ ದಶಕದಲ್ಲಿ ತಂಗಿ ವಾರ್ತುಶ್‌ಳ ಮಗ ಕಾರ್ಲೆನ್ ಮುರಾದಿಯಾನ್, ಸೋದರಮಾವ ಗಾರ್ಕಿ ವಾರ್ತುಶ್‌ಳಿಗೆ ಬರೆದ ಪತ್ರಗಳು ಅಂತ ಒಂದು ಸಂಗ್ರಹ ಪ್ರಕಟಿಸಿದ. ಅದರಲ್ಲಿ ತಾಯ್ನಾಡಿನ ಹಂಬಲದ, ಆರ್ಮೇನಿಯನ್ ಕಲೆಯ ಹಿರಿಮೆಯ ಸುಂದರ ಸಾಲುಗಳಿದ್ದವು. ವಿದ್ವಾಂಸರು ವರ್ಷಗಟ್ಟಲೆ ಅವನ್ನೇ ಉದ್ಧರಿಸಿದರು. ಆಮೇಲೆ ಜೀವನಚರಿತ್ರೆ ಬರೆದವರು ಮೂಲ ಪತ್ರಗಳನ್ನು ಹುಡುಕಿದರೆ ಹಲವಕ್ಕೆ ಮೂಲವೇ ಇರಲಿಲ್ಲ. ಅವು ಕಟ್ಟಿ ಬರೆದವು ಅನ್ನುವುದು ಈಗ ವಿದ್ವಾಂಸರ ಒಮ್ಮತ.

ಇನ್ನೊಂದು ಕಡೆ, ಗಾರ್ಕಿಯೇ ಬರೆದ ಪ್ರೇಮಪತ್ರಗಳಲ್ಲಿ ಶಿಲ್ಪಿ ಗೋದಿಯೆ-ಬ್ರೆಜ್ಕಾನ ಸಾಲುಗಳು ಸಿಕ್ಕಿವೆ. ಮಾತಿನಲ್ಲಿ ಅವನು ಯಾವಾಗಲೂ ಎರವಲು ತಂದವನೇ. ಒಬ್ಬ ವಲಸಿಗ ತನ್ನ ಊರಿನ ಬಗ್ಗೆ ಗಟ್ಟಿಯಾಗಿ ಹೇಳಿಕೊಂಡಿರಬೇಕು ಅಂತ ನಮಗೆ ಆಸೆ. ಅವನು ಹೇಳದಿದ್ದರೆ ನಾವೇ ಹೇಳಿಸುತ್ತೇವೆ. ಗಾರ್ಕಿಯ ಹೆಸರಿನಲ್ಲಿ ಆರ್ಮೇನಿಯಾದ ಮಣ್ಣು, ಆಕಾಶ, ಹಾಡಿನ ಬಗ್ಗೆ ಉಕ್ಕಿ ಹರಿಯುವ ಸಾಲು ಎಲ್ಲಾದರೂ ಸಿಕ್ಕರೆ, ಅದು ಯಾರಿಗೆ ಬರೆದದ್ದು, ಮೊದಲು ಎಲ್ಲಿ ಅಚ್ಚಾಯಿತು ಅಂತ ನೋಡಿ. ತಂಗಿಗೆ ಬರೆದದ್ದು, 1970ರ ದಶಕದಲ್ಲಿ ಅಚ್ಚಾದದ್ದು ಅಂತಿದ್ದರೆ ಪಕ್ಕಕ್ಕಿಡಿ. 1942ರ ತೋಟದ ಟಿಪ್ಪಣಿ ಅವನದೇ. ವಿಟ್ನಿ, ವಾಷಿಂಗ್ಟನ್, ಸಿಯಾಟಲ್‌ನ ಮೂರು ಕ್ಯಾನ್ವಾಸುಗಳೂ ಅವನದೇ. ಓದು ಶುರು ಮಾಡಲು ಅಷ್ಟು ಸಾಕು.